ತಲಬಾಗಿಲಿಂದ ಪಡಸಾಲಿಗೆ

ಸಿಂದಗಿಯಿಂದ ಜೇವರ್ಗಿಗೆ ಹೋಗುವ ಹೆದ್ದಾರಿಯಲ್ಲಿ ಮೋರಟಗಿ ಸಿಗುತ್ತದೆ. ಸುತ್ತ ಎರಿ ಹೊಲ; ಬಿಳಿಜೋಳ, ತೊಗರಿ, ಹತ್ತಿ. ಈ ಸೀಮೆಯಲ್ಲಿ ಮನೆಯನ್ನು ಚದರಡಿಯಲ್ಲಿ ಅಳೆಯುವುದು ಇತ್ತೀಚಿನ ರೂಢಿ. ಮೊದಲು ಖಣದ ಲೆಕ್ಕವಿತ್ತು. ಎರಡು ತೊಲೆಗಳ ನಡುವಿನ ಜಾಗ ಒಂದು ಖಣ. ಬಡವರ ಮನೆ ಒಂದೋ ಎರಡೋ ಖಣ, ಗೌಡರ ವಾಡೇ ಇಪ್ಪತ್ತರ ಮೇಲೆ. ನಮ್ಮದು ಒಂಬತ್ತು ಖಣದ ಒಕ್ಕಲುಮನೆ. ಅದರಲ್ಲಿ ಮೊದಲನೆಯದು ಬಾಗಿಲ ಖಣ: ತಲಬಾಗಿಲ ಹೊಸ್ತಿಲು ದಾಟಿದಲ್ಲಿಂದ ಪಡಸಾಲಿಯ ಕಟ್ಟೆ ಏರುವವರೆಗಿನ ಇಕ್ಕಟ್ಟಾದ ಹಾದಿ. ಅಲ್ಲಿ ಯಾರೂ ಮಲಗುತ್ತಿರಲಿಲ್ಲ, ಅಡುಗೆ ಬೇಯುತ್ತಿರಲಿಲ್ಲ. ಆದರೆ ಮನೆಯ ಪ್ರತಿಯೊಬ್ಬರೂ, ಪ್ರತಿಯೊಂದು ದನವೂ ದಿನಕ್ಕೆ ಹತ್ತಾರು ಸಲ ತುಳಿಯುತ್ತಿದ್ದ ನೆಲ ಅದೊಂದೇ. ಆ ಹಾದಿ ನನ್ನ ಕಣ್ಣೆದುರೇ ಮೂರು ರೂಪ ತಾಳಿದೆ. ಮೂರನೆಯ ರೂಪ ಬಂದದ್ದು ಹೋದ ವರ್ಷ, ತಮ್ಮನ ಮನೆಯವರು ಮನೆಯನ್ನು ನವೀಕರಿಸಿದಾಗ.

ಹಳೆಯದನ್ನು ಮೊದಲು ಹೇಳುತ್ತೇನೆ. ಬಾಗಿಲು ಗಿಡ್ಡ, ದೊಡ್ಡವರು ಬಗ್ಗಿಯೇ ಒಳಗೆ ಬರಬೇಕು. ಗೋಡೆ ಮೂರಡಿ ದಪ್ಪ, ಎರಡು ಮೈ ಕಲ್ಲು, ನಡುವೆ ಮಣ್ಣು. ಆ ದಪ್ಪದಲ್ಲೇ ಅಗುಳಿ ಸರಿಯುವ ಪೊಟರೆ. ರಾತ್ರಿ ಅಗುಳಿ ಎಳೆದರೆ ಕದಕ್ಕೆ ಬೇರೆ ಬೀಗ ಬೇಕಿರಲಿಲ್ಲ. ಒಳಗೆ ಕಾಲಿಟ್ಟರೆ ಎಡಕ್ಕೆ ಗ್ವಾದಲಿ, ಎತ್ತು, ಎಮ್ಮೆ. ಬಲಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಪಡಸಾಲಿ. ಇವೆರಡರ ನಡುವೆ ಒರಟು ಕಲ್ಲು ಹಾಸಿದ ಹಾದಿ, ಹಾದಿಯ ಅಂಚಿನಲ್ಲಿ ಗಂಜಲ ಹರಿದು ಹೋಗಲು ಸಣ್ಣ ಗಟಾರ. ಮೂಲೆಯಲ್ಲಿ ರಂಜಣಿಗೆ, ಮೇಲೆ ಚರಿಗಿ. ಹೊಲದಿಂದ ಬಂದವರು ಅಲ್ಲೇ ಕಾಲು ತೊಳೆದು ಕಟ್ಟೆ ಏರಬೇಕು. ಬೆಳಕು ಬರುತ್ತಿದ್ದುದು ಎರಡೇ ಕಡೆಯಿಂದ, ತೆರೆದ ಬಾಗಿಲಿನಿಂದ ಮತ್ತು ಮಾಳಿಗೆಯ ಬೆಳಕಿಂಡಿಯಿಂದ. ಮಳೆ ಬಂದರೆ ಯಾರಾದರೂ ಮಾಳಿಗೆ ಏರಿ ಬೆಳಕಿಂಡಿಯ ಮೇಲೆ ಬೋಗುಣಿ ಮುಚ್ಚುತ್ತಿದ್ದರು. ಆಗ ಮಧ್ಯಾಹ್ನವೇ ಕತ್ತಲೆ.

ಆ ಖಣದ ಗೋಡೆಗಳಲ್ಲಿ ಕೆಲಸಕ್ಕೆ ಬಾರದ ಒಂದು ವಸ್ತುವೂ ಇರಲಿಲ್ಲ. ಕಟ್ಟಿಗೆಯ ಗೂಟಗಳಲ್ಲಿ ಬಾರಕೋಲು, ಕಣ್ಣಿ, ಮಿಣಿ, ಎತ್ತಿನ ಗೆಜ್ಜೆಸರ. ಎತ್ತರದ ಗೂಟದಲ್ಲಿ ಅಜ್ಜನ ರುಮಾಲು. ಜಂತಿಗೆ ನೇತುಬಿಟ್ಟ ಜೋಳದ ತೆನೆಗಳ ಗೊಂಚಲು. ರಾಶಿಯಲ್ಲಿ ಆರಿಸಿ ತೆಗೆದ ದಪ್ಪ ತೆನೆಗಳು, ಮುಂದಿನ ವರ್ಷದ ಬೀಜ. ಕಂದೀಲಿಗೆ ಒಂದು ಕೊಂಡಿ. ಚಿಮಣಿ ಬುಡ್ಡಿಗೆ ಗೋಡೆಯಲ್ಲೇ ಕೊರೆದ ಮಾಡ, ಅದರ ನೆತ್ತಿಗೆ ವರ್ಷಗಳ ಕಾಡಿಗೆ. ದಸರೆಗೆ ಮುಂಚೆ ಗೋಡೆಗೆ ಸುಣ್ಣ, ಸುಣ್ಣಕ್ಕೆ ಚಿಟಿಕೆ ನೀಲಿ. ನೆಲದಿಂದ ಸೊಂಟದೆತ್ತರಕ್ಕೆ ಹುರಮಂಜಿನ ಕೆಂಪು ಕಾರಣಿ. ಮನೆಯಲ್ಲಿ ಮದುವೆಯಾದ ವರ್ಷ ಬಾಗಿಲ ಎರಡೂ ಬದಿ ಗಿಳಿ, ಆನೆ, ವಧೂವರರ ಹೆಸರು. ದೀಪಾವಳಿಯ ಪಾಡ್ಯಕ್ಕೆ ಹೊಸ್ತಿಲ ಮೇಲೆ, ಮಾಡದಲ್ಲಿ ಸಗಣಿಯ ಪಾಂಡವರು, ಮೇಲೆ ಹುರುಕ್ಕಿ ಹೂವು. ಪಂಚಮಿಗೆ ತೊಲೆಗೆ ಜೋಕಾಲಿ. ಈಗ ಪಟ್ಟಣದ ಹೋಟೆಲುಗಳಲ್ಲಿ ಇದೇ ಗೂಟ, ಇದೇ ಗೆಜ್ಜೆಸರವನ್ನು ಶೋಭೆಗೆ ತೂಗುಹಾಕುತ್ತಾರೆ. ನಮ್ಮ ಮನೆಯಲ್ಲಿ ಅವು ಇದ್ದದ್ದು ನಾಳೆ ಬೆಳಿಗ್ಗೆ ಎತ್ತು ಹೂಡಬೇಕಿತ್ತು ಎಂಬ ಕಾರಣಕ್ಕೆ.

ಹಾದಿಯ ನಡುವೆ ದೊಡ್ಡದೊಂದು ಚಪ್ಪಡಿ ಇತ್ತು. ಅದರ ಕೆಳಗೆ ಹಗೇವು. ಸುಗ್ಗಿಯಾದ ಮೇಲೆ ನೆಲದೊಳಗಿನ ಆ ಗುಂಡಿಗೆ ಒಣಹುಲ್ಲು ಒತ್ತಿ, ಜೋಳ ತುಂಬಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳು ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಗಾಳಿಯ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಬದುಕುವುದಿಲ್ಲ. ಹುಳು ಬದುಕದ ಜಾಗದಲ್ಲಿ ಮನುಷ್ಯನೂ ಬದುಕುವುದಿಲ್ಲ. ಹಾಗಾಗಿ ಹಗೇವು ತೆಗೆದ ದಿನ ಯಾರೂ ಇಳಿಯಬಾರದು. ಹೊತ್ತು ಬಿಟ್ಟು ಉರಿಯುವ ಕಂದೀಲನ್ನು ಹಗ್ಗದಲ್ಲಿ ಕೆಳಗಿಳಿಸಿ ನೋಡಬೇಕು, ಆರಿದರೆ ಮತ್ತೂ ಕಾಯಬೇಕು. ಇದನ್ನು ಮರೆತ ಕಡೆ ಜನ ಸತ್ತಿದ್ದಾರೆ. ನಮ್ಮ ಹಗೇವಿಗೆ ಇಳಿಯುತ್ತಿದ್ದವರು ನಮ್ಮ ಮನೆಯವರಲ್ಲ. ಕೇರಿಯಿಂದ ಕರೆಸಿದ ಒಬ್ಬರು ಇಳಿಯುತ್ತಿದ್ದರು, ಪುಟ್ಟಿಯಲ್ಲಿ ಜೋಳ ತುಂಬಿ ಮೇಲೆ ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಹೊಸ್ತಿಲಾಚೆ ನಿಂತು ಕೂಲಿಯ ಜೋಳ ಒಯ್ಯುತ್ತಿದ್ದರು.

ಆ ಮನೆಗೆ ಎರಡು ಮಾಡಗಳಿದ್ದವು ಎಂಬುದನ್ನು ಇಲ್ಲಿ ಹೇಳಲೇಬೇಕು. ಒಳಗಿನ ಮಾಡದಲ್ಲಿ ದೀಪ. ಹೊರಗೋಡೆಯ ಮಾಡದಲ್ಲಿ ಒಂದು ಕಪ್ಪು, ಒಂದು ಬಸಿ. ಅವು ಹಗೇವಿಗೆ ಇಳಿಯುತ್ತಿದ್ದವರಂಥವರಿಗೆ ಚಹಾ ಕೊಡುವ ಪಾತ್ರೆಗಳು. ಕುಡಿದು, ತಾವೇ ತೊಳೆದು, ಅಲ್ಲೇ ಇಡಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮದೇ ಜಿಲ್ಲೆ. ಅವನ ಚಿತ್ರ ನಮ್ಮ ಪಡಸಾಲಿಯ ಗೋಡೆಯಲ್ಲಿತ್ತು. ಕಪ್ಪು-ಬಸಿ ಮಾತ್ರ ಹೊರಗಿನ ಮಾಡದಲ್ಲೇ ಇದ್ದವು.

ಬಾಗಿಲ ಖಣ ಎಲ್ಲರನ್ನೂ ಅಳೆದು ಒಳಗೆ ಬಿಡುತ್ತಿತ್ತು. ಬೀಗರು ಬಂದರೆ ಕಟ್ಟೆ ಏರಿ ಜಮಖಾನೆಯ ಮೇಲೆ ಕೂಡುತ್ತಿದ್ದರು. ಬಡಿಗೇರ, ಕಂಬಾರ ಬಂದರೆ ಕಟ್ಟೆಯ ಅಂಚಿಗೆ. ಕೂಲಿಯವರು ಗ್ವಾದಲಿಯ ಬದಿಗೆ. ಕೆಲವರು ಹೊಸ್ತಿಲಾಚೆ. ಮನೆಯ ಹೆಂಗಸರಿಗೂ ಅಲ್ಲಿ ನಿಲ್ಲುವ ಹಕ್ಕಿರಲಿಲ್ಲ. ಗಂಡಸರು ಕಟ್ಟೆಯ ಮೇಲಿದ್ದರೆ ಸೆರಗು ಮುಂದೆಳೆದುಕೊಂಡು, ತುಂಬಿದ ಕೊಡ ಹೊತ್ತು ಸರಸರ ದಾಟಿ ಒಳಗೆ ಹೋಗಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಯಾರಿಗೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಕಟ್ಟೆಯ ಎತ್ತರ, ಹೊಸ್ತಿಲ ಎತ್ತರ ಅದನ್ನು ಹೇಳುತ್ತಿದ್ದವು. ಹಳೆಯ ಮನೆಯ ಅಂದವನ್ನು ಹೊಗಳುವವರು ಈ ಎತ್ತರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ಮನೆಯನ್ನು ನಾವು ಬಿಟ್ಟದ್ದಕ್ಕೆ ಕಾರಣ ಫ್ಯಾಷನ್ ಅಲ್ಲ, ಭಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ ಜನ ಇನ್ನೂ ಏಳುವ ಮೊದಲೇ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಅದುರಿತು. ನಮ್ಮಲ್ಲಿ ಕೂಡ ಹಂಡೆಗಳು ಒಂದಕ್ಕೊಂದು ಬಡಿದವು. ಕಿಲ್ಲಾರಿಯ ಸುತ್ತ ಸುಮಾರು ಹತ್ತು ಸಾವಿರ ಜನ ಸತ್ತರು. ಅವರ ಮನೆಗಳು ನಮ್ಮ ಮನೆಯಂಥವೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಒಂದೆರಡು ಅಡಿ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದೆವು. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ತಲೆಯ ಮೇಲಿನ ಭಾರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಟ್ಟ ಮಣ್ಣು ಅದೇ, ಕಿಲ್ಲಾರಿಯಲ್ಲಿ ಮಲಗಿದವರನ್ನು ಹೂತದ್ದೂ ಅದೇ. ಆ ವರ್ಷ ಅಪ್ಪ ಆಳು ಹಚ್ಚಿ ಮಾಳಿಗೆಯ ಮಣ್ಣನ್ನು ಅರ್ಧಕ್ಕೆ ಇಳಿಸಿದರು. ಊರಿನಲ್ಲಿ ಹಲವರು ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರು. ಮಣ್ಣಿನ ಗೋಡೆ ಹೀರಿದ ತೇವ ಸಿಮೆಂಟನ್ನು ದಾಟಿ ಆರಲಾರದು. ನಾಲ್ಕೈದು ವರ್ಷಕ್ಕೆ ಗಿಲಾವು ಹಕ್ಕಳೆ ಹಕ್ಕಳೆಯಾಗಿ ಕಳಚಿತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಿಡದೆ ಸುರಿದ ಮಳೆ ಉಳಿದದ್ದನ್ನು ಮುಗಿಸಿತು. ಉತ್ತರ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಗಳು ಹಾಳಾದವು, ಹೆಚ್ಚಿನವು ಮಣ್ಣಿನವು. ನಮ್ಮ ಬಾಗಿಲ ಖಣದ ಹೊರಗೋಡೆ ಉಬ್ಬಿ, ರಾತ್ರಿ ಗ್ವಾದಲಿಯ ಮೇಲೆ ಕುಸಿಯಿತು. ದನಗಳನ್ನು ಹಿಂದಿನ ದಿನವೇ ಹೊರಗೆ ಕಟ್ಟಿದ್ದರಿಂದ ಜೀವಹಾನಿ ಆಗಲಿಲ್ಲ. ಹೊರಗಿನ ಮಾಡವೂ ಆ ಗೋಡೆಯೊಂದಿಗೇ ಹೋಯಿತು. ನೆರೆಯಲ್ಲಿ ಪೂರ್ತಿ ಕೆಟ್ಟ ಊರುಗಳಿಗೆ ಸರ್ಕಾರ ಆಸರೆ ಮನೆಗಳನ್ನು ಕಟ್ಟಿಸಿತು. ನಾವು ಹೊಲ ಒತ್ತೆಯಿಟ್ಟು ಆರ್‌ಸಿಸಿ ಕಟ್ಟಿಸಿದೆವು.

ಎರಡನೆಯ ರೂಪ ಹೀಗೆ ಬಂತು. ಖಣದ ಬದಲು ಪ್ಯಾಸೇಜ್: ನಾಲ್ಕಡಿ ಅಗಲ, ಹದಿನಾಲ್ಕಡಿ ಉದ್ದ. ಮುಂಬಾಗಿಲಿನಿಂದ ಹೊರಟು ಹಾಲ್, ಎರಡು ಕೋಣೆ, ಅಡುಗೆಮನೆ, ಬಚ್ಚಲು, ಎಲ್ಲದರ ಬಾಗಿಲೂ ಅದಕ್ಕೇ ತೆರೆಯುತ್ತದೆ. ಕಿಟಕಿ ಇರಲಿಲ್ಲ. ಬೆಳಕಿಂಡಿ ಇರಲಿಲ್ಲ. ಹಗಲು ಹನ್ನೆರಡಕ್ಕೂ ಟ್ಯೂಬ್‌ಲೈಟ್. ಗುಜರಾತಿನ ಮೋರ್ಬಿಯಿಂದ ಬಂದ ನುಣುಪಾದ ಬಿಳಿ ಟೈಲ್ಸು. ಬಚ್ಚಲಿನಿಂದ ಹಸಿಗಾಲಲ್ಲಿ ಬಂದವರು ಜಾರುತ್ತಿದ್ದರು. ಗೂಟಗಳಿಲ್ಲದ್ದರಿಂದ ಚೀಲ, ಹೆಲ್ಮೆಟ್ಟು, ಟವೆಲು ಎಲ್ಲ ಬಾಗಿಲುಗಳ ಹಿಡಿಕೆಗೆ ಜೋತುಬೀಳುತ್ತಿದ್ದವು. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತರವರೆಗೆ ಕಾವು ಉಗುಳುತ್ತಿತ್ತು. ಆದರೂ ಈ ಮನೆಯ ಬಗ್ಗೆ ನನಗೆ ತಿರಸ್ಕಾರವಿಲ್ಲ. ಮಳೆ ಬಂದ ರಾತ್ರಿ ಅವ್ವ ನಿದ್ದೆ ಮಾಡಿದ್ದು ಈ ಮನೆಯಲ್ಲೇ. 2021ರಿಂದೀಚೆಗೆ ವಿಜಯಪುರ ಜಿಲ್ಲೆಯಲ್ಲಿ ಸಣ್ಣ ಕಂಪನಗಳು ಮತ್ತೆ ಮತ್ತೆ ಆಗಿವೆ. ಹಾಗೆ ನೆಲ ಅದುರಿದಾಗಲೆಲ್ಲ ತಲೆಯ ಮೇಲೆ ಮಣ್ಣಿಲ್ಲ ಎಂಬುದು ದೊಡ್ಡ ಧೈರ್ಯ. ದನಗಳು ಬೇರೆ ಕೊಟ್ಟಿಗೆಗೆ ಹೋದವು, ಮನೆಯೊಳಗೆ ನೊಣ ಕಡಿಮೆಯಾಯಿತು. ಕೂಸುಗಳಿಗೆ ಕೆಮ್ಮು ಕಡಿಮೆಯಾಯಿತು. ಇವು ಸಣ್ಣ ಲಾಭಗಳಲ್ಲ.

ತಮ್ಮನೂ ಅವನ ಹೆಂಡತಿಯೂ ಹಲವು ವರ್ಷ ಪುಣೆಯಲ್ಲಿ ದುಡಿದವರು. ಇಂಡಿ, ಸಿಂದಗಿ ಕಡೆಯ ಸಾವಿರಾರು ಜನರ ಹಾಗೆ ಅವರೂ ಸೊಲ್ಲಾಪುರದ ರೈಲು ಹತ್ತಿದವರು. ಅಲ್ಲಿ ಬೇರೆಯವರ ಮನೆಗಳನ್ನು ಒಳಹೊರಗೆ ನೋಡಿದ ನನ್ನ ನಾದಿನಿಗೆ ತನ್ನ ಮನೆ ಹೇಗಿರಬೇಕೆಂಬ ಸ್ಪಷ್ಟ ಕಲ್ಪನೆ ಇತ್ತು. ಮಗನ ಮದುವೆ ಗೊತ್ತಾದಾಗ ಅವಳು ಪ್ಯಾಸೇಜಿಗೆ ಕೈ ಹಾಕಿದಳು. "ಮಂದಿ ಮೊದಲ ಕಾಲಿಡೂದ ಇಲ್ಲೇ ನೋಡ್ರಿ. ಇಲ್ಲೇ ಕತ್ತಲಿದ್ರ ಮುಂದ ಏನ ಇದ್ರ ಏನ ಬಂತು?" ಎಂದಳು. ಸಿಂದಗಿಯಲ್ಲಿ ನೋಡಿದ ಮಾದರಿಗಳಲ್ಲಿ ಪಿಒಪಿ ಚಾವಣಿ, ಪಿವಿಸಿ ಹಲಗೆ, ಪ್ಲಾಸ್ಟಿಕ್ ಹುಲ್ಲಿನ ಗೋಡೆ, ಬುದ್ಧನ ಮುಖದ ಫಲಕ, ಬಣ್ಣ ಬದಲಿಸುವ ದೀಪದ ಪಟ್ಟಿ ಎಲ್ಲ ಇದ್ದವು. ಅವಳ ಆಸೆ ಸರಿಯಾದದ್ದು. ನನ್ನ ತಕರಾರು ಸಾಮಾನಿನ ಬಗ್ಗೆ ಇತ್ತು. ನಾಲ್ಕಡಿ ಅಗಲದ ಹಾದಿಯ ಎರಡು ಗೋಡೆಗೂ ಎರಡೆರಡು ಇಂಚು ಹಲಗೆ ಜಡಿದರೆ ಓಡಾಟಕ್ಕೆ ಅಷ್ಟೇ ಜಾಗ ಕಡಿಮೆ. ಚಾವಣಿ ಇಳಿಸಿದರೆ ಗಾಳಿಯೂ ಕಡಿಮೆ. ಅದಕ್ಕೆ ನಾವಿಬ್ಬರೂ ಕುಳಿತು ಒಂದು ಪಟ್ಟಿ ಮಾಡಿದೆವು: ಈ ಹಾದಿಯಲ್ಲಿ ಯಾರು ಬರುತ್ತಾರೆ, ಏನು ಮಾಡುತ್ತಾರೆ. ಎಪ್ಪತ್ತು ದಾಟಿದ ಅವ್ವ ವಾಕರ್ ಹಿಡಿದು ನಡೆಯುತ್ತಾಳೆ. ಹುಡುಗರು ಬೂಟು ಕಳಚುತ್ತಾರೆ. ಗ್ಯಾಸ್ ಸಿಲಿಂಡರ್ ಉರುಳಿ ಹೋಗುತ್ತದೆ. ಆಶಾ ಕಾರ್ಯಕರ್ತೆ ಬಂದು ನಿಂತೇ ಬರೆದುಕೊಳ್ಳುತ್ತಾಳೆ. ಸ್ವಸಹಾಯ ಸಂಘದ ಹೆಂಗಸರು ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳುತ್ತಾರೆ. ಅಲಂಕಾರ ಈ ಪಟ್ಟಿಯಿಂದ ಹುಟ್ಟಬೇಕು ಎಂದು ಒಪ್ಪಿದೆವು.

ಮೊದಲು ನೆಲ. ಟೈಲ್ಸು ಕಿತ್ತು ಪರಸಿ ಹಾಕಿಸಿದೆವು. ತಾಳಿಕೋಟೆಯಿಂದ ಶಹಾಬಾದ, ಸೇಡಂವರೆಗೆ ಭೀಮಾ ಸೀಮೆಯ ನೆಲದಡಿ ಸುಣ್ಣದ ಕಲ್ಲಿನ ಹಾಸುಗಳಿವೆ. ಪದರು ಪದರಾಗಿ ಸೀಳುವ ಕಲ್ಲು. ಉಳಿ ಹಾಕಿದರೆ ಸಾಕು, ಗರಗಸ ಬೇಕಿಲ್ಲ. ಬೂದು, ನೀಲಿಗಪ್ಪು, ಕೆನೆ ಬಣ್ಣಗಳಲ್ಲಿ ಸಿಗುತ್ತದೆ. ಪಾಲಿಶ್ ಮಾಡಿಸದೆ ಹಾಗೆಯೇ ಹಾಕಿದರೆ ಹಸಿಗಾಲಿಗೂ ಹಿಡಿತ ಕೊಡುತ್ತದೆ, ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಆ ಕಲ್ಲಿನ ಕತೆ ನೆಲಕ್ಕೆ ಮುಗಿಯುವುದಿಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಗೋಡೆಗೆ ಬಳಿಯುವ ಸುಣ್ಣ. ಮಣ್ಣಿನೊಂದಿಗೆ ಅರೆದು 1450 ಡಿಗ್ರಿಯ ಹತ್ತಿರ ಸುಟ್ಟರೆ ಸಿಮೆಂಟು. ಶಹಾಬಾದ, ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತದ್ದು ಈ ಹಾಸುಗಳನ್ನು ನಂಬಿಯೇ. ವಿಜಯಪುರದಲ್ಲಿ 1656ರ ಹೊತ್ತಿಗೆ ಎದ್ದುನಿಂತ ಗೋಲಗುಮ್ಮಟದ ಕಲ್ಲುಗಳನ್ನು ಹಿಡಿದಿರುವುದೂ ಸುಣ್ಣದ ಗಾರೆ. ಹಳೆಯ ಗೋಡೆಯ ಸುಣ್ಣ, ಹೊಸ ಸ್ಲ್ಯಾಬಿನ ಸಿಮೆಂಟು, ಕಾಲಡಿಯ ಪರಸಿ, ಮೂರಕ್ಕೂ ಮೂಲ ಒಂದೇ ಜಾತಿಯ ಕಲ್ಲು. ಹಳ್ಳಿ ಮನೆ, ಸಿಟಿ ಮನೆ ಎಂದು ಜಗಳಾಡುವ ಮೊದಲು ಇದನ್ನು ನೆನೆಯಬೇಕು.

ಪರಸಿಗೆ ಒಂದು ಶತ್ರು ಇದೆ, ಹುಳಿ. ನಿಂಬೆರಸ, ಹುಣಸೆಹುಳಿ, ಮಜ್ಜಿಗೆ ಚೆಲ್ಲಿ ಹಾಗೇ ಬಿಟ್ಟರೆ ಕಲ್ಲಿನ ಮೈ ಮಾಸಿ ಕಲೆ ನಿಲ್ಲುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ನೊರೆಯೆದ್ದು ಕುಳಿ ಬೀಳುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ನಮ್ಮ ಸೀಮೆಯ ಹೆಮ್ಮೆ. ಅಮಾವಾಸ್ಯೆಗೆ ಬಾಗಿಲಿಗೆ ಲಿಂಬೆ, ಮೆಣಸಿನಕಾಯಿ ಕಟ್ಟುವುದೂ ನಿಂತಿಲ್ಲ. ಅದರ ರಸ ತೊಟ್ಟಿಕ್ಕುವ ಜಾಗದಲ್ಲಿ ಪರಸಿಯ ಬದಲು ಇಳಕಲ್ಲಿನ ಕೆಂಪು ಗ್ರಾನೈಟಿನ ಪಟ್ಟಿ ಹಾಕಿಸಿದೆವು. ಗ್ರಾನೈಟಿಗೆ ಲಿಂಬೆಯಿಂದ ಏನೂ ಆಗದು. ಬೂದು ನೆಲಕ್ಕೆ ಕೆಂಪು ಅಂಚು, ನೋಡಲು ಇಳಕಲ್ ಸೀರೆಯ ದಡಿಯಂತೆ ಒಪ್ಪಿತು.

ಗೋಡೆಗೆ ಹಲಗೆ ಬೇಡವೆಂದ ಮೇಲೆ ಬಣ್ಣದ ಪ್ರಶ್ನೆ ಬಂತು. ಇಕ್ಕಟ್ಟಾದ ಹಾದಿಯಲ್ಲಿ ಭುಜ, ಚೀಲ, ಕೈ ಗೋಡೆಗೆ ತಾಗಿಯೇ ತಾಗುತ್ತವೆ. ಬರೀ ಬಿಳಿ ಬಳಿದರೆ ಆರು ತಿಂಗಳಿಗೆ ಕೆಳಗೆಲ್ಲ ಕೊಳೆ. ಹಿಂದೆ ಸೊಂಟದೆತ್ತರಕ್ಕೆ ಕಾರಣಿ ಎಳೆಯುತ್ತಿದ್ದ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆಳಗೆ ತೊಳೆಯಲು ಬರುವ ಹುರಮಂಜಿ ಬಣ್ಣದ ಪೇಂಟು, ಮೇಲೆ ಸುಣ್ಣದ ಬಿಳುಪು. ನಡುವಿನ ಗೆರೆಯನ್ನು ಅವ್ವ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟಳು. ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು, ಆಗ ಚಾವಣಿ ಎತ್ತರ ಕಾಣುತ್ತದೆ ಎಂಬುದು ಅವಳ ಮಾತು. ಗೆರೆ ಎಳೆದ ಮೇಲೆ ಹಾಗೆಯೇ ಕಂಡಿತು.

ಬೆಳಕಿಗೆ ಸ್ಲ್ಯಾಬ್ ಕೊರೆಯುವ ಯೋಚನೆ ಬಂದಿತ್ತು. ಕಬ್ಬಿಣದ ಸರಳು ಕತ್ತರಿಸಿದರೆ ಸ್ಲ್ಯಾಬಿನ ಬಲ ಹೋಗುತ್ತದೆ, ಬೇಡ ಎಂದು ಮೇಸ್ತ್ರಿಯೇ ತಡೆದರು. ಬದಲಿಗೆ ಮುಂಬಾಗಿಲಿನ ಮೇಲೆ ಗಾಜಿನ ಪಟ್ಟಿ ಬಿಡಿಸಿ, ಹಿತ್ತಿಲ ಬಾಗಿಲಿನ ಮೇಲರ್ಧಕ್ಕೆ ಗಾಜು ಕೂಡಿಸಿದರು. ಎರಡು ತುದಿಯಿಂದ ಬೆಳಕು ಬಂದದ್ದೇ ಪ್ಯಾಸೇಜಿನ ಉದ್ದ ಅರಿವಿಗೆ ಬಂತು. ಹಗಲು ದೀಪದ ಅಗತ್ಯ ತಪ್ಪಿತು. ರಾತ್ರಿಗೆ ಎರಡು ಹಳದಿ ಎಲ್‌ಇಡಿ, ಅವಕ್ಕೆ ಎರಡು ತುದಿಯಲ್ಲೂ ಸ್ವಿಚ್ಚು. ಈ ತುದಿಯಲ್ಲಿ ಹಚ್ಚಿ ಆ ತುದಿಯಲ್ಲಿ ಆರಿಸಬಹುದು. ಮುದುಕರಿರುವ ಮನೆಗೆ ಇದಕ್ಕಿಂತ ಒಳ್ಳೆಯ ಅಲಂಕಾರ ಇಲ್ಲ. ಖರ್ಚು ಒಂದಿಷ್ಟು ವೈರು, ಎರಡು ಸ್ವಿಚ್ಚು ಅಷ್ಟೇ.

ಹಳೆಯ ಮನೆ ಕೆಡವಿದಾಗ ಅಪ್ಪ ಗೂಟಗಳನ್ನೂ ತಲಬಾಗಿಲನ್ನೂ ಕೊಟ್ಟಿಗೆಯಲ್ಲಿ ಎತ್ತಿಟ್ಟಿದ್ದರು. ಗೂಟಗಳನ್ನು ಎರಡು ಎತ್ತರದಲ್ಲಿ ಕೂಡಿಸಿದೆವು, ದೊಡ್ಡವರಿಗೆ ಮೇಲಿನವು, ಶಾಲೆಗೆ ಹೋಗುವ ಮಕ್ಕಳಿಗೆ ಕೆಳಗಿನವು. ಬಾಗಿಲಿನ ಬಗ್ಗೆ ಮಾತ್ರ ಬಹಳ ಚರ್ಚೆಯಾಯಿತು. ಹಳೆಯ ಬಾಗಿಲು ಕೊಳ್ಳುವ ವ್ಯಾಪಾರಿಗಳು ನಮ್ಮ ಕಡೆ ಬಹಳ ಕಾಲದಿಂದ ತಿರುಗುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರು ಏರಿದ ವರ್ಷಗಳಲ್ಲಿ ಮುಳುಗಡೆ ಊರುಗಳ ಕಂಬ, ತೊಲೆ, ಚೌಕಟ್ಟುಗಳು ಕಟ್ಟಿಗೆಯ ಬೆಲೆಗೆ ಹೋದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮುಧೋಳದ ಅರಮನೆಯ ದರ್ಬಾರ್ ಹಾಲ್ ಮತ್ತೆ ಎದ್ದು ನಿಂತಿದೆ. ಅಷ್ಟು ಆಸ್ಥೆಯಿಂದ ಉಳಿಸುವವರು ಸಿಕ್ಕರೆ ಕೊಡಬಹುದು. ನಮ್ಮ ಬಾಗಿಲಿಗೆ ಅಂಥ ಕೆತ್ತನೆಯೂ ಇಲ್ಲ. ಗಿಡ್ಡವಾದ್ದರಿಂದ ಮತ್ತೆ ಬಾಗಿಲಾಗಿ ಬಳಸಲು ಬಾರದು. ಕದಗಳನ್ನು ಅಡ್ಡ ಮಲಗಿಸಿ, ಪರಸಿಯ ಎರಡು ಕಾಲುಗಳ ಮೇಲಿಟ್ಟು, ಹಾದಿಯ ಒಂದು ಬದಿಗೆ ಹದಿನಾಲ್ಕು ಇಂಚು ಅಗಲದ ಕಟ್ಟೆ ಮಾಡಿಸಿದೆವು. ಕೆಳಗೆ ಚಪ್ಪಲಿ, ಮೇಲೆ ಕೂಡುವ ಜಾಗ. ಹಳೆಯ ಕಟ್ಟೆ ಮೊಣಕಾಲೆತ್ತರ ಇತ್ತು, ಇದೂ ಅಷ್ಟೇ ಇದೆ. ಬಂದವರು ಯಾರೇ ಆದರೂ ಕೂಡುವುದು ಈಗ ಇದೊಂದರ ಮೇಲೆಯೇ.

ಹೊಸ್ತಿಲ ವಿಷಯ ಸುಲಭದ್ದಾಗಿರಲಿಲ್ಲ. ಅವ್ವ ಮದುವೆಯಾಗಿ ಬಂದಾಗಿನಿಂದ ದಿನವೂ ಅರಿಷಿಣ, ಕುಂಕುಮ ಹಚ್ಚಿದ ಹೊಸ್ತಿಲು. ಅದರ ಮೇಲೆ ತಾಮ್ರದ ಹಳೆಯ ನಾಣ್ಯಗಳನ್ನು ಮೊಳೆ ಹೊಡೆದು ಕೂಡಿಸಿತ್ತು. ಆರ್‌ಸಿಸಿ ಮನೆಗೂ ಅದನ್ನೇ ತಂದು ಹಾಕಿದ್ದೆವು. ಹೊಲದ ನೀರು, ಹುಳು-ಹುಪ್ಪಡಿ ಒಳಗೆ ಬರದಂತೆ ತಡೆದದ್ದು ಅದೇ. ಈಗ ಅದೇ ಹೊಸ್ತಿಲು ಅವ್ವನ ವಾಕರನ್ನು ತಡೆಯುತ್ತಿತ್ತು. ತೆಗೆಸೋಣವೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅವಳೇ ಹೇಳಿದಳು: "ದಾಟಾಕ ಬರಲಾರದ ಹೊಸ್ತಲಕ್ಕ ಪೂಜಿ ಮಾಡಿ ಏನ ಮಾಡ್ಲಿ? ನೆಲಕ್ಕ ಸಮಾ ಮಾಡಸ್ರಿ." ಬಡಿಗೇರನು ಕಟ್ಟಿಗೆಯನ್ನು ತೆಳ್ಳಗೆ ಸೀಳಿ, ನಾಣ್ಯಗಳಿರುವ ಮೇಲ್ಮೈಯನ್ನು ಉಳಿಸಿ, ಪರಸಿಯ ಸಮಕ್ಕೆ ಕೂಡಿಸಿದ. ಅರಿಷಿಣ, ಕುಂಕುಮ ಈಗಲೂ ಬೀಳುತ್ತವೆ. ಮೇಲೆ ವಾಕರ್ ಹಾಯುತ್ತದೆ.

ಚಿತ್ರಗಳದ್ದು ಬೇಗ ಮುಗಿಯಿತು. ಅಜ್ಜ, ಅಜ್ಜಿ, ಅಪ್ಪನ ಫೋಟೋಗಳು ಹಾಲಿಗೆ ಹೋದವು. ಪ್ಯಾಸೇಜಿನಲ್ಲಿ ಎರಡು ಉಳಿದವು, ಬಸವಣ್ಣ ಮತ್ತು 2023ರ ಜನವರಿಯಲ್ಲಿ ತೀರಿಕೊಂಡ ಸಿದ್ಧೇಶ್ವರ ಸ್ವಾಮೀಜಿ. ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟ ಸಂತ ಅವರು. ಸರಳವಾಗಿಡಿ ಎಂದವರ ಚಿತ್ರದ ಮೇಲೆ ಬಣ್ಣದ ದೀಪ ಹಾಕುವುದು ಬೇಡವೆಂದು ನಾದಿನಿಯೇ ತೀರ್ಮಾನಿಸಿದಳು. ದೀಪದ ಪಟ್ಟಿಯ ಮಾತು ಅಲ್ಲಿಗೇ ಮುಗಿಯಿತು.

ಗೋಡೆಯಲ್ಲಿ ಮಾಡ ಬೇಕೇ ಎಂಬ ಮಾತು ಬಂದಾಗ ಮನೆಯಲ್ಲಿ ಎಲ್ಲರಿಗೂ ಬೇಕಾಗಿತ್ತು. ಹಳೆಯ ಮನೆಯ ಗುರುತು ಅದು. ಒಳಗೋಡೆಯಲ್ಲಿ ಒಂದು ಕೊರೆಸಿದೆವು, ದೀಪಾವಳಿಗೆ ಪಾಂಡವರನ್ನೂ ಉಳಿದ ದಿನ ದೀಪವನ್ನೂ ಇಡಲು. ಜೋಡಿಯಾಗಿ ಹೊರಗೂ ಒಂದಿರಲಿ, ಚೆಂದ ಕಾಣುತ್ತದೆ ಎಂದು ಮದುಮಗ ಹೇಳಿದ. ಅವನು ಆ ಕಪ್ಪು-ಬಸಿಯನ್ನು ನೋಡಿದವನಲ್ಲ. ನಾನು ಅಂದು ಸಂಜೆ ಅವನಿಗೆ ಹೊರಗಿನ ಮಾಡದ ಸಂಗತಿ ಪೂರ್ತಿ ಹೇಳಿದೆ. ಹೊರಗೋಡೆ ಸಪಾಟಾಗಿಯೇ ಉಳಿಯಿತು. ನೆನಪಿನ ಹೆಸರಲ್ಲಿ ಹಳೆಯದನ್ನು ಮರಳಿ ತರುವಾಗ ಅದು ಯಾರಿಗೆ ಏನು ಮಾಡಿತ್ತೆಂದು ಕೇಳದೆ ತರಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಗೂಟ ಚೀಲ ಹಿಡಿಯುತ್ತದೆ, ಕಾರಣಿ ಕೊಳೆ ತಡೆಯುತ್ತದೆ, ದೀಪದ ಮಾಡ ದಾರಿ ತೋರಿಸುತ್ತದೆ. ಇವು ಬರಲಿ. ಮನುಷ್ಯರನ್ನು ಅಳೆದು ನಿಲ್ಲಿಸಿದ ಎತ್ತರಗಳು ಎಷ್ಟೇ ಚೆಂದ ಕಂಡರೂ ಬೇಡ.

ಪರಸಿ ಕೂಡಿಸಿದ ಮೇಸ್ತ್ರಿ ನಮ್ಮ ಹಗೇವಿಗೆ ಇಳಿಯುತ್ತಿದ್ದವರ ಮಗ. ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದವರು, ಈಗ ಊರಿನಲ್ಲಿ ಕಲ್ಲಿನ ಕೆಲಸಕ್ಕೆ ಮೊದಲು ಅವರನ್ನೇ ಕರೆಯುತ್ತಾರೆ. ನೆಲ ಅಗೆಯುವಾಗ ಹಗೇವಿನ ಬಾಯಿ ಸಿಕ್ಕಿತು. ಮುಚ್ಚುವ ಮುನ್ನ ಅವರು ಸ್ವಲ್ಪ ಹೊತ್ತು ಅದರ ಅಂಚಿನಲ್ಲಿ ಕುಳಿತು ತಮ್ಮ ತಂದೆ ಎಷ್ಟು ಆಳಕ್ಕೆ ಇಳಿಯುತ್ತಿದ್ದರೆಂದು ಅಳತೆ ಪಟ್ಟಿಯಲ್ಲಿ ಅಳೆದರು. ಆಮೇಲೆ ಮುರುಮು ತುಂಬಿ, ನೀರು ಹಾಕಿ, ಗುದ್ದಿ ಗಟ್ಟಿ ಮಾಡಿದರು. ಎರಿ ಮಣ್ಣು ತುಂಬಬಾರದು, ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಮೇಲಿನ ಕಲ್ಲು ಎಬ್ಬಿಸುತ್ತದೆ ಎಂದು ವಿವರಿಸಿದರು. ಮಧ್ಯಾಹ್ನ ಎಲ್ಲರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಊಟ ಮಾಡಿದೆವು.

ಮೇಸ್ತ್ರಿಯ ಸ್ವಂತ ಮನೆ ಸರ್ಕಾರದ ಯೋಜನೆಯಲ್ಲಿ ಸಿಕ್ಕದ್ದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಅಷ್ಟರಲ್ಲಿ ಹಾದಿ ಎಂಬ ಜಾಗ ಹುಟ್ಟುವುದೇ ಇಲ್ಲ. ಬೀದಿಯಿಂದ ಕಾಲೆತ್ತಿದರೆ ಒಲೆಯ ಮುಂದೆ. ಸ್ನಾನ ಮಾಡಿ ಬಂದ ಮಗಳಿಗೆ ಮರೆಯಿಲ್ಲ, ಬಂದ ನೆಂಟರಿಗೆ ಚಪ್ಪಲಿ ಬಿಡಲು ಜಾಗವಿಲ್ಲ, ಮಳೆ ಬಂದರೆ ಎರಚಲು ಹಾಸಿಗೆಗೆ. "ಬಾಗಲ ಮುಂದ ನಾಕ ಫೂಟ ನೆಳ್ಳ, ಕೂಡಾಕ ಒಂದ ಕಲ್ಲ ಇಷ್ಟಿದ್ರ ಮನಿಗಿ ಮಾನ ಬರತೈತ್ರಿ" ಎಂದರು ಮೇಸ್ತ್ರಿ. ತಮ್ಮ ಮನೆಗೆ ಅವರು ಉಳಿಸಿದ ದುಡ್ಡಿನಲ್ಲಿ ಅಷ್ಟನ್ನು ಕಟ್ಟಿಕೊಂಡಿದ್ದಾರೆ. ಕೇರಿಯ ಉಳಿದ ಮನೆಗಳಿಗೆ ಅದಿಲ್ಲ.

ಒಂಬತ್ತು ಖಣದ ಮನೆಯವರು ತಮ್ಮ ಪ್ಯಾಸೇಜನ್ನು ಚೆಂದ ಮಾಡಿಕೊಳ್ಳುವುದು ಅವರ ಕೈಯಲ್ಲಿದೆ. ಒಂದು ಖಣದವರಿಗೆ ಆ ಜಾಗವನ್ನು ಕೊಡುವುದು ಮನೆಯ ನಕ್ಷೆ ಬರೆಯುವವರ ಕೈಯಲ್ಲಿದೆ. ಬಾಗಿಲಿಗೂ ಒಲೆಗೂ ನಡುವೆ ನಾಲ್ಕಡಿ ಇದ್ದರೆ ಮನೆಯವರು ನಿಂತು ಬೆವರು ಒರೆಸಿಕೊಳ್ಳುತ್ತಾರೆ, ಬಂದವರನ್ನು ಕೂಡಿಸಿ ನೀರು ಕೊಡುತ್ತಾರೆ. ನಮ್ಮ ಕಡೆ ಪರಸಿ ದುಬಾರಿಯ ಕಲ್ಲಲ್ಲ, ಕೂಡಿಸುವ ಕೈಗಳೂ ಊರಲ್ಲಿವೆ. ಗ್ರಾಮ ಪಂಚಾಯಿತಿಗಳು ಮುಂದಿನ ಮನೆಗಳ ಪಟ್ಟಿ ಮಾಡುವಾಗ ಬಾಗಿಲ ಮುಂದಿನ ಆ ನಾಲ್ಕಡಿಯನ್ನೂ ಅಳತೆಗೆ ಸೇರಿಸಬೇಕೆಂದು ಕೇಳಬೇಕು, ಸಿಗುವವರೆಗೆ ಕೇಳುತ್ತಿರಬೇಕು.